ಮೈಕಕ್ಕನ ಗರಿ ಲ್ಯಾಪ್‌ಟಾಪು

ಊರಿನ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಒಳಗೆ ಒಂದು ಮೇಜು, ಒಂದು ಮೈಕು, ಒಂದು ನೀರಿನ ಬಾಟಲಿ. ಅಲ್ಲಿ ಕೂತು ಅವಳು ತನ್ನ ಯೌವನವನ್ನೆಲ್ಲ ಬಸ್ಸುಗಳನ್ನು ಕರೆಯುತ್ತಾ ಕಳೆದಿದ್ದಳು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು, ಯಾರ ಮಗು ಕೈತಪ್ಪಿ ಅಳುತ್ತಾ ನಿಂತಿದೆ, ಎಲ್ಲವೂ ಅವಳ ಗಂಟಲಿನಿಂದಲೇ ಊರಿಗೆ ತಿಳಿಯಬೇಕಿತ್ತು. ಬಸ್ಸು ತಡವೆಂದು ಅವಳು ಹೇಳಿದರೆ ಜನ ಬೈಯುತ್ತಿರಲಿಲ್ಲ, ಇನ್ನೊಂದು ಲೋಟ ಚಹಾ ಕುಡಿಯಲು ಹೋಗುತ್ತಿದ್ದರು. ಕಂಡಕ್ಟರುಗಳು ಇಟ್ಟ ಹೆಸರು ಮೈಕಕ್ಕ. ನಿವೃತ್ತಿಯಾದ ಮೇಲೆ ಹೆಸರೂ ಅವಳ ಹಿಂದೆಯೇ ಮನೆಗೆ ಬಂತು. ತರಕಾರಿ ಅಂಗಡಿಯಲ್ಲಿ "ಅರ್ಧ ಕೆಜಿ ಟೊಮೇಟೊ ಕೊಡಿ" ಎಂದರೆ ಸಾಕು, ಪಕ್ಕದಲ್ಲಿ ನಿಂತವರು ತಟ್ಟನೆ ಚೀಲ ಎತ್ತಿಕೊಂಡು ರಸ್ತೆ ಕಡೆ ನೋಡುತ್ತಿದ್ದರು.

ಅಂಥ ದನಿ ಮನೆಯಲ್ಲಿ ಸುಮ್ಮನೆ ಕೂರುತ್ತದೆಯೇ? ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುವವರು ಬೇಕಾಗಿದ್ದಾರೆ ಎಂದು ಗ್ರಂಥಾಲಯದ ಗೋಡೆಯ ಮೇಲೆ ಒಂದು ಚೀಟಿ ಕಂಡಳು. ಚೀಟಿ ಪೂರ್ತಿ ಓದುವ ಮೊದಲೇ ಒಳಗೆ ಹೋಗಿ ಹೆಸರು ಕೊಟ್ಟು ಬಂದಳು. ಲ್ಯಾಪ್‌ಟಾಪು ಮನೆಗೆ ಬಂದದ್ದು ಹಾಗೆ.

ತಂದವನು ಗಂಡ. ಅವನು ಬಸ್ ಡಿಪೋದಲ್ಲಿ ಟೈರ್ ವಿಭಾಗದವನು. ಟೈರು ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು ಅವನ ಅಭ್ಯಾಸ. ಅಂಗಡಿಯಲ್ಲಿ ಲ್ಯಾಪ್‌ಟಾಪುಗಳನ್ನೂ ಹಾಗೇ ಒಂದೊಂದಾಗಿ ಬಡಿಯುತ್ತಾ ಹೋದ. ಅಂಗಡಿಯವನಿಗೆ ಎದೆ ಝಲ್ಲೆನ್ನುತ್ತಿತ್ತು. ಕೊನೆಗೆ ಮುಚ್ಚಳದ ಮೇಲೆ ಹಕ್ಕಿಗರಿಯ ಗುರುತಿರುವ ಒಂದನ್ನು ಕಿವಿಯ ಹತ್ತಿರ ಹಿಡಿದು, "ಇದು ಗಟ್ಟಿ" ಎಂದ. ಆ ಕಂಪನಿಯ ಅಸಲಿ ಹೆಸರು ಯಾರ ನಾಲಿಗೆಗೂ ಸಲೀಸಾಗಿ ಹೊರಳುತ್ತಿರಲಿಲ್ಲ. ಎಲ್ಲರೂ ಗರಿ ಎಂದೇ ಕರೆಯುತ್ತಿದ್ದರು. ಬ್ಯಾಂಕಿನಲ್ಲೂ ಗರಿ, ಕಾಲೇಜಿನಲ್ಲೂ ಗರಿ, ಡಾಕ್ಟರ ಮೇಜಿನ ಮೇಲೂ ಗರಿ. ಅಷ್ಟು ಜನ ಇಟ್ಟುಕೊಂಡಿದ್ದಾರೆ ಅಂದರೆ ಸುಮ್ಮನೆಯೇ ಎಂಬುದು ಗಂಡನ ವಾದ.

ವಾದ ಇದ್ದಲ್ಲಿ ಪ್ರತಿವಾದಿಯೂ ಇರಬೇಕಲ್ಲ. ಅವನು ಮೈಕಕ್ಕನ ತಮ್ಮ, ಡ್ರೈವಿಂಗ್ ಸ್ಕೂಲ್ ನಡೆಸುವವನು. ಅವನಿಗೂ ಹಿಂದೊಮ್ಮೆ ಒಂದು ಗರಿ ಇತ್ತು. ಅದು ಕೆಟ್ಟಾಗ ಕಂಪನಿಯವರು ಅಲ್ಲಿಗೆ ಹೋಗಿ ಇಲ್ಲಿಗೆ ಬನ್ನಿ ಎಂದು ಓಡಾಡಿಸಿದ್ದರು. ಆ ಗಾಯ ಇನ್ನೂ ಮಾಗಿರಲಿಲ್ಲ. ಭಾವ ಗರಿ ತಂದ ದಿನ ಅವನು ಅದನ್ನು ಮುಟ್ಟಲೂ ಇಲ್ಲ. ಬಾಗಿಲಲ್ಲೇ ನಿಂತು, "ಆಯ್ತು ಬಿಡಿ, ತಂದಾಯ್ತಲ್ಲ" ಎಂದ, ಯಾರೋ ಸತ್ತ ಮನೆಗೆ ಬಂದವನ ಹಾಗೆ.

ಮೈಕಕ್ಕನಿಗೆ ಈ ಜಗಳ ಬೇಕಿರಲಿಲ್ಲ. ಸಾಮಾನು ತುಂಬಿಡುವ ಸಣ್ಣ ಕೋಣೆಯೊಳಗೆ ಅವಳು ತನ್ನದೇ ಒಂದು ನಿಲ್ದಾಣ ಕಟ್ಟಿಕೊಂಡಳು. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿದಳು, ಕಿಟಕಿಗೆ ಕಂಬಳಿ ಇಳಿಬಿಟ್ಟಳು. ಬಾಗಿಲು ಹಾಕಿದರೆ ಹೊರಗಿನ ಲೋಕ ಬೇರೆ ಯಾರದೋ ಮನೆಯ ಮಾತಿನಂತೆ ದೂರವಾಗುತ್ತಿತ್ತು. ಪುಸ್ತಕವನ್ನು ಮಣೆಗೆ ಒರಗಿಸಿ, ಮೈಕಿಗೆ ಅರ್ಧ ಗೇಣು ದೂರದಲ್ಲಿ ಬಾಯಿ ಇಟ್ಟು ಅವಳು ಓದತೊಡಗಿದರೆ ಕಾನೂನಿನ ಕಲಮುಗಳೂ ಹೊರಡಲು ಸಿದ್ಧವಾದ ಬಸ್ಸುಗಳಂತೆ ಸಾಲಾಗಿ ನಿಲ್ಲುತ್ತಿದ್ದವು.

ಕಾನೂನು ಏಕೆಂದರೆ, ಅವಳ ಪಾಲಿಗೆ ಬಂದ ವಿದ್ಯಾರ್ಥಿನಿ ಕಾನೂನು ಓದುವವಳು. ಹುಟ್ಟಿನಿಂದ ಕಣ್ಣು ಕಾಣದವಳು, ಮಾತಿನಲ್ಲಿ ಮಹಾ ಚೂಟಿ. ಸಾಕ್ಷ್ಯದ ಕಾಯ್ದೆಯ ಮೇಲೆ ಒಂದು ದಪ್ಪ ಪುಸ್ತಕವಿತ್ತು, ಅದರ ದನಿ ಪ್ರತಿ ಎಲ್ಲೂ ಸಿಕ್ಕಿರಲಿಲ್ಲ. ಕಳೆದ ವರ್ಷ ಆ ವಿಷಯದಲ್ಲಿ ಹುಡುಗಿ ನಪಾಸಾಗಿದ್ದಳು. ಓದಿ ಹೇಳಲು ಒಪ್ಪಿದ ಗೆಳತಿ ಪರೀಕ್ಷೆ ಹತ್ತಿರ ಬಂದಾಗ ತನ್ನ ಓದಿನಲ್ಲಿ ಮುಳುಗಿಬಿಟ್ಟಿದ್ದಳು. ಈ ಸಲವೂ ಹೋದರೆ ಮನೆಯವರು ಓದು ಬಿಡಿಸುತ್ತಾರೆ. ಇದನ್ನು ಹುಡುಗಿ ಅಳುತ್ತಾ ಹೇಳಿರಲಿಲ್ಲ, ನಗುತ್ತಾ ಹೇಳಿದ್ದಳು. ಅದಕ್ಕೇ ಮೈಕಕ್ಕನಿಗೆ ಹೆಚ್ಚು ನಾಟಿತ್ತು.

ಮಾದರಿಗೆಂದು ಕಳಿಸಿದ್ದ ಮೊದಲ ಕೆಲವು ಪುಟಗಳನ್ನು ಕೇಳಿ ಒಂದು ದಿನ ಹುಡುಗಿ ಫೋನಿನಲ್ಲಿ, "ಮೇಡಂ, ಒಂದ್ ಮಾತು ಕೇಳ್ಲಾ? ನೀವು ಓದುವಾಗ ಹಿಂದೆ ಯಾರು ಕೂತಿರ್ತಾರೆ?" ಎಂದಳು.

"ಯಾರೂ ಇಲ್ವಲ್ಲಮ್ಮ."

"ಯಾರೋ ಉಸಿರಾಡ್ತಿರ್ತಾರೆ. ಒಂದೊಂದ್ ಸಲ ಜೋರಾಗಿ."

ಮೈಕಕ್ಕ ಇಯರ್‌ಫೋನು ಹಾಕಿಕೊಂಡು ಕೇಳಿದಳು. ನಿಜ. ಲ್ಯಾಪ್‌ಟಾಪಿನೊಳಗಿನ ಫ್ಯಾನು. ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಅವಳಿಗೆ ಮುಜುಗರವಾಯಿತು. ಅಷ್ಟು ವರ್ಷ ಮೈಕಿನ ಮುಂದೆ ಕೂತವಳು, ಅವಳ ದನಿಯ ಹಿಂದೆ ಇನ್ನೊಂದು ಸದ್ದು ನುಸುಳಿದ್ದೇ ಇಲ್ಲ. ಬೀರು ತೆರೆದು ಗಂಡ ಡಿಪೋದ ರಾತ್ರಿಪಾಳಿಗೆ ಹೊದ್ದು ಹೋಗುತ್ತಿದ್ದ ಉಣ್ಣೆಯ ಹೊದಿಕೆಯನ್ನು ತೆಗೆದಳು. ಗಿಳಿಹಸಿರು ಬಣ್ಣ, ಒಳ್ಳೆಯ ದಪ್ಪ. ಅದನ್ನು ಲ್ಯಾಪ್‌ಟಾಪಿಗೆ ಸುತ್ತಲೂ ಹೊದಿಸಿ, ಪರದೆ ಮಾತ್ರ ಹೊರಗೆ ಬಿಟ್ಟಳು. ಜ್ವರ ಬಂದವರು ಕುತ್ತಿಗೆವರೆಗೆ ಹೊದ್ದು ಕೂತ ಹಾಗೆ ಕಾಣುತ್ತಿತ್ತು ಪಾಪದ ಗರಿ. ಉಸಿರು ಅಡಗಿತು. ಓದು ಮುಗಿದ ಮೇಲೆ ಹೊದಿಕೆ ಮಡಚಿ ಬೀರುವಿನಲ್ಲಿಟ್ಟು ಬರುತ್ತಿದ್ದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅದಕ್ಕೊಂದು ಭಾಷಣ ಕೇಳಬೇಕು.

ಇನ್ನೊಂದು ಪದ್ಧತಿಯೂ ಅವಳದಿತ್ತು. ಮಾದರಿಯ ಆ ಪುಟಗಳನ್ನು ಬಿಟ್ಟರೆ ಪುಸ್ತಕವನ್ನು ತುಂಡುತುಂಡಾಗಿ ಕಳಿಸುತ್ತಿರಲಿಲ್ಲ. ಮೊದಲ ಪುಸ್ತಕವನ್ನು ಹಾಗೆ ಕಳಿಸಿ ಅಧ್ಯಾಯಗಳೆಲ್ಲ ಹಿಂದುಮುಂದಾಗಿ, ಪಾಪ ಯಾರೋ ಕೊನೆಯ ಪಾಠವನ್ನು ಮೊದಲು ಓದಿಕೊಂಡಿದ್ದರು. ಅಂದಿನಿಂದ ಎಲ್ಲ ಮುಗಿಸಿ, ತಪ್ಪು ತಿದ್ದಿ, ಒಟ್ಟಿಗೇ ಕಳಿಸುವುದು. ಇನ್ನೊಂದು ಪ್ರತಿ ಎತ್ತಿಡಬೇಕೆಂದು ಅವಳಿಗೆ ಹೊಳೆದದ್ದೇ ಇಲ್ಲ. ನಿಲ್ದಾಣದಲ್ಲಿ ಹೇಳಿದ ಮಾತು ಹೇಳಿದಲ್ಲೇ ಗಾಳಿಗೆ ಹೋಗುತ್ತಿತ್ತು, ಅದನ್ನು ಯಾರು ಎತ್ತಿಡುತ್ತಿದ್ದರು?

ಪರೀಕ್ಷೆಗೆ ವಾರವಿದೆ ಎನ್ನುವಾಗ ಅವಳ ಗಂಟಲು ಒಡೆಯತೊಡಗಿತು. ನೆಗಡಿ ಬೇರೆ. ಬಿಸಿನೀರು ಕುಡಿಯುತ್ತಾ, ಕೆಮ್ಮು ಬಂದಾಗ ರೆಕಾರ್ಡಿಂಗ್ ನಿಲ್ಲಿಸಿ ಕೆಮ್ಮುತ್ತಾ, ಕಡೆಯ ಅಧ್ಯಾಯಗಳನ್ನು ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ಓದಿದಳು. ಕೊನೆಯ ವಾಕ್ಯ ಮುಗಿಸಿ, ಉಳಿಸುವ ಗುಂಡಿ ಒತ್ತಿ, ಉಸ್ಸೆಂದು ಬೆನ್ನು ಒರಗಿಸಿದಳು. ಪರದೆ ಕಪ್ಪಾಯಿತು.

ಮತ್ತೆ ಒತ್ತಿದಳು. ಇಲ್ಲ. ಚಾರ್ಜರು ಕಿತ್ತು ಮತ್ತೆ ಚುಚ್ಚಿದಳು. ಇಲ್ಲ. ಹೊದಿಕೆಯೊಳಗೆ ಕೈ ಹಾಕಿದರೆ ಈಗತಾನೇ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ. ಅವಳು ಮೊದಲು ಮಾಡಿದ ಕೆಲಸ ಹೊದಿಕೆಯನ್ನು ಮಡಚಿ ಬೀರುವಿನಲ್ಲಿಟ್ಟದ್ದು. ಆಮೇಲೆ ಗಂಡನನ್ನು ಕರೆದಳು. ಕರೆದಳು ಎಂದರೆ ಬಾಯಿ ತೆರೆದಳು ಅಷ್ಟೇ. ದನಿಯೂ ಹೊರಗೆ ಬರಲಿಲ್ಲ.

ಮರುದಿನ ಡಾಕ್ಟರು ಟಾರ್ಚು ಬಿಟ್ಟು ಗಂಟಲು ನೋಡಿ, "ಎರಡು ವಾರ ಮಾತು ಬಂದ್. ಪಿಸುಮಾತೂ ಆಡಬೇಡಿ, ಅದು ಇನ್ನೂ ಕೆಟ್ಟದ್ದು" ಎಂದರು. ಮತ್ತೆ ಓದಿಕೊಡುವ ದಾರಿಯೂ ಮುಚ್ಚಿತು. ಇಡೀ ಪುಸ್ತಕ ಆ ಕಪ್ಪು ಪೆಟ್ಟಿಗೆಯೊಳಗೆ. ಅದು ತೆರೆದರೆ ಹುಡುಗಿಗೆ ಪುಸ್ತಕ, ಇಲ್ಲದಿದ್ದರೆ ಇಲ್ಲ.

ತಮ್ಮನಿಗೆ ಸುದ್ದಿ ಮುಟ್ಟಿದ್ದೇ ತಡ, ಡ್ರೈವಿಂಗ್ ಕಲಿಯಲು ಬಂದವರನ್ನು ವಾಪಸ್ ಕಳಿಸಿ ಓಡಿಬಂದ.

"ನಾನು ಆವತ್ತೇ ಬಡ್ಕೊಂಡೆ ಅಕ್ಕಾ, ಗರಿ ಬೇಡ ಅಂತ. ಭಾವ ಕೇಳಿದ್ರಾ?"

"ಲೋ, ನಿನ್ನ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದ್ದು ಕಂಪನಿಯವರೇನೋ?" ಎಂದ ಗಂಡ.

"ಚೆಲ್ಲಿದ್ದು ಒಂಚೂರು. ಒಳ್ಳೆ ಕಂಪನಿ ಆಗಿದ್ರೆ ಅಷ್ಟು ತಡ್ಕೋಬೇಕಿತ್ತು."

"ಹೌದಪ್ಪ. ನಾಳೆ ನಿನ್ನ ಕಾರಿನ ಇಂಜಿನ್‌ಗೂ ಒಂದು ಲೋಟ ಹುಯ್ಯಿ. ತಡ್ಕೊಳ್ಳುತ್ತಾ ನೋಡೋಣ."

"ಕಾರಿನ ವಿಷಯ ಎತ್ತಬೇಡಿ ಭಾವ. ಈ ಗರಿಯವರು ಕಾರು ಮಾಡಿದ್ರೆ ಇಳಿಜಾರಲ್ಲೂ ತಳ್ಳಬೇಕಾಗ್ತಿತ್ತು."

"ಡಾಕ್ಟರ ಮೇಜಿನ ಮೇಲೆ ಇವತ್ತೂ ಇತ್ತಲ್ಲೋ ಗರಿ! ಅವರೇನು ದಡ್ಡರಾ?"

"ಅದಕ್ಕೇ ಅವರು ಕೈಯಲ್ಲೇ ಚೀಟಿ ಬರೀತಾರೆ!"

ಮೈಕಕ್ಕ ಇಬ್ಬರ ನಡುವೆ ಕೂತು ಇಬ್ಬರ ಬಾಯನ್ನೂ ನೋಡುತ್ತಿದ್ದಳು. ತಪ್ಪು ಕಂಪನಿಯದಲ್ಲ ಎಂದು ಅವಳ ಒಳಗೆ ಯಾವುದೋ ಒಂದು ಗಿಳಿಹಸಿರಾಗಿ ಚುಚ್ಚುತ್ತಿತ್ತು. ಹೇಳೋಣವೆಂದರೆ ಬಾಯಿಗೆ ಡಾಕ್ಟರ ಬೀಗ. ಬರೆದು ಹೇಳಬಹುದಿತ್ತು. ಬರೆಯಲಿಲ್ಲ. ಚಮಚೆಯಿಂದ ಲೋಟ ಟಣಟಣ ಬಡಿದಳು. ಇಬ್ಬರೂ ಗಪ್ಪಾದರು. ಅವಳು ಲ್ಯಾಪ್‌ಟಾಪು ಎತ್ತಿ ಎದೆಗವಚಿಕೊಂಡು ಬಾಗಿಲ ಕಡೆ ಹೊರಟಳು.

ತಮ್ಮನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಹೋದರು. ಮೇಲಿದ್ದ ಕಲಿಕೆಯ ಫಲಕ ನೋಡಿ ಎದುರಿನ ವಾಹನಗಳೆಲ್ಲ ಭಯಭಕ್ತಿಯಿಂದ ದಾರಿ ಬಿಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಮೈಕಕ್ಕನ ಫೋನು ಹೊಡೆದುಕೊಂಡಿತು. ಹುಡುಗಿ. ಗಂಡನ ಕೈಗೆ ಕೊಟ್ಟಳು.

"ಹಾಂ ಹೇಳಮ್ಮ... ಅವರಿಗೆ ಗಂಟಲು ಸರಿಯಿಲ್ಲ... ಪುಸ್ತಕಾನಾ? ಮುಗಿದಿದೆ, ಪೂರ್ತಿ ಮುಗಿದಿದೆ. ಬರುತ್ತೆ. ಇವತ್ತು... ಇವತ್ತಲ್ಲ ಅಂದ್ರೆ ನಾಳೆ." ಫೋನಿಟ್ಟು ಅವನು ಹೆಂಡತಿಯ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡಿದ. ತಡವಾದ ಬಸ್ಸಿನ ಸುದ್ದಿ ಹೇಳುವುದು ಎಷ್ಟು ಕಷ್ಟವೆಂದು ಅವನಿಗೆ ಇಷ್ಟು ವರ್ಷಗಳ ಮೇಲೆ ಗೊತ್ತಾಗಿತ್ತೇನೋ.

ರಿಪೇರಿ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಬಾಟಲಿ ಮುಚ್ಚಳಗಳಲ್ಲಿ ಬೇರೆಬೇರೆ ಸ್ಕ್ರೂಗಳು, ಗೋಡೆಗೆ ನೇತುಬಿದ್ದ ವೈರುಗಳು. ನಡುವೆ ಕೂದಲನ್ನು ಪೆನ್ಸಿಲು ಸಿಕ್ಕಿಸಿ ಗಂಟು ಹಾಕಿಕೊಂಡ ರಿಪೇರಿಯವಳು. ಏನಾಯ್ತು ಎಂದು ಅವಳು ಕೇಳಿದ್ದೇ ಇಬ್ಬರೂ ಒಟ್ಟಿಗೆ ಶುರುಮಾಡಿದರು.

"ಕಂಪನಿನೇ ಸರಿಯಿಲ್ಲಮ್ಮ."

"ಕಂಪನಿ ಚಿನ್ನದಂಥದ್ದು, ಇದೇನೋ ಸಣ್ಣದು..."

"ಲ್ಯಾಪ್‌ಟಾಪ್ ಯಾರ್ದು?" ಎಂದಳು ರಿಪೇರಿಯವಳು.

ಮೈಕಕ್ಕ ಶಾಲೆಯ ಮಗುವಿನಂತೆ ಕೈ ಎತ್ತಿದಳು.

"ಹಾಗಾದ್ರೆ ನೀವು ಹೇಳಿ."

ಡಾಕ್ಟರನ್ನು ಮರೆತು ಮೈಕಕ್ಕ ಬಾಗಿ ಪಿಸುಗುಟ್ಟಿದಳು: "ಒಳಗೆ ನನ್ನ ಓದು ಇದೆ. ಲ್ಯಾಪ್‌ಟಾಪ್ ಹೋದ್ರೆ ಹೋಗ್ಲಿ, ಅದೊಂದು ಬೇಕು."

"ಎಷ್ಟು ದಿನದ್ದು?" ರಿಪೇರಿಯವಳೂ ಪಿಸುಗುಟ್ಟಿದಳು.

"ಬೇಸಿಗೆಯಿಂದ."

"ಬೇರೆ ಪ್ರತಿ?"

ಮೈಕಕ್ಕ ಇಲ್ಲವೆಂದು ತಲೆಯಾಡಿಸಿದಳು.

"ನೀವ್ಯಾಕಮ್ಮ ಪಿಸುಗುಡ್ತಿದೀರಿ? ಗಂಟಲು ಹೋಗಿರೋದು ನಮ್ಮಕ್ಕಂಗೆ" ಎಂದ ತಮ್ಮ, ತಾನೂ ಪಿಸುದನಿಯಲ್ಲೇ.

ರಿಪೇರಿಯವಳು ಗಟ್ಟಿಯಾಗಿ ನಕ್ಕು ಲ್ಯಾಪ್‌ಟಾಪು ಮಗುಚಿ ಹಾಕಿದಳು. ಒಂದೊಂದೇ ಸ್ಕ್ರೂ ಬಿಚ್ಚುವಾಗ ಗಂಡ ತಡೆಯಲಾರದೆ ಕೇಳಿದ: "ನೀವು ದಿನಾ ನೋಡ್ತೀರಲ್ಲ, ನೀವೇ ಹೇಳಿ. ಗರಿ ಒಳ್ಳೇದೋ ಕೆಟ್ಟದ್ದೋ?"

"ನನ್ನ ಹತ್ರ ಬರೋದೆಲ್ಲ ಕೆಟ್ಟಿದ್ದೇ ಅಲ್ವಾ ಸಾರ್. ಚೆನ್ನಾಗಿರೋ ಲ್ಯಾಪ್‌ಟಾಪ್ ಬಂದು ನಾನು ಚೆನ್ನಾಗಿದೀನಿ ಅಂತ ಹೇಳಿ ಹೋಗಲ್ಲ. ನನ್ನ ಕೇಳಿದ್ರೆ ಪ್ರಪಂಚದಲ್ಲಿ ಒಳ್ಳೆ ಲ್ಯಾಪ್‌ಟಾಪೇ ಇಲ್ಲ."

ಅಷ್ಟರಲ್ಲಿ ಹೊರಗೆ ಯಾರೋ ಹಾರ್ನು ಬಾರಿಸತೊಡಗಿದರು. ಊರಿಗೆಲ್ಲ ಪಾರ್ಕಿಂಗ್ ಕಲಿಸುವ ತಮ್ಮ ಯಾರದೋ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಬಂದಿದ್ದ. ಗೊಣಗುತ್ತಾ ಹೊರಗೋಡಿದ. ಅವನು ಅತ್ತ ಹೋದದ್ದಕ್ಕೂ ಇತ್ತ ಮುಚ್ಚಳ ಕಳಚಿದ್ದಕ್ಕೂ ಸರಿಹೋಯಿತು.

ರಿಪೇರಿಯವಳು ಫ್ಯಾನಿನ ಬಾಯಿಗೆ ಚಿಮುಟ ಹಾಕಿ ಮೆಲ್ಲಗೆ ಎಳೆದಳು. ಎಳೆದಷ್ಟೂ ಬಂತು. ಮೆತ್ತಗಿನ, ಸುರುಳಿಸುತ್ತಿದ, ಹಕ್ಕಿಮರಿಯಷ್ಟು ದೊಡ್ಡ ಉಣ್ಣೆಯ ಉಂಡೆ. ದೀಪದ ಕೆಳಗೆ ಅದರ ಗಿಳಿಹಸಿರು ಫಳಫಳ ಎಂದಿತು.

"ಅಯ್ಯೋ, ಇದೇನಿದು! ಮನೇಲಿ ಹಸಿರು ಬೆಕ್ಕೇನಾದ್ರೂ ಸಾಕಿದೀರಾ?"

ಮೈಕಕ್ಕ ನೆಲ ನೋಡಿದಳು. ನೆಲದಲ್ಲಿ ಒಂದು ಸ್ಕ್ರೂ ಬಿದ್ದಿತ್ತು, ಅದನ್ನೇ ನೋಡಿದಳು. ಗಂಡ ಆ ಉಂಡೆಯನ್ನೇ ನೋಡಿದ. ಆ ಬಣ್ಣವನ್ನು ಅವನು ಮರೆಯುವ ಹಾಗಿರಲಿಲ್ಲ, ಎಷ್ಟೋ ಚಳಿಗಾಲ ಅದನ್ನು ಹೊದ್ದು ಟೈರುಗಳ ಪಕ್ಕ ಕೂತಿದ್ದ. ಈಗ ಅವನ ಗರಿಯ ಮಾನ ಉಳಿಸುವ ಸಾಕ್ಷಿ, ಭಾವಮೈದುನನ ಬಾಯಿ ಜನ್ಮಕ್ಕೆ ಮುಚ್ಚಿಸುವ ಸಾಕ್ಷಿ, ಚಿಮುಟದ ತುದಿಯಲ್ಲಿ ತೂಗುತ್ತಿತ್ತು. ಅವನು ಕೈ ಚಾಚಿ ಅದನ್ನು ತೆಗೆದುಕೊಂಡ. ಉರುಟಾಗಿ ಹೊಸಕಿ ಅಂಗಿಯ ಜೇಬಿಗೆ ಹಾಕಿದ.

"ಧೂಳು ಅಂದ್ಬಿಡಮ್ಮ" ಎಂದ.

ತಮ್ಮ ಒಳಗೆ ಬಂದ. "ಏನಂತೆ?"

"ಧೂಳು" ಎಂದಳು ರಿಪೇರಿಯವಳು.

"ನೋಡಿದ್ರಾ ಭಾವ! ಒಂದು ಧೂಳು ತಡೆಯೋ ಯೋಗ್ಯತೆ ಇಲ್ಲ ಈ ಕಂಪನಿಗೆ."

"ಹೂಂ" ಎಂದ ಗಂಡ. ಅಷ್ಟೇ ಎಂದ. ತಮ್ಮನಿಗೇ ಗಲಿಬಿಲಿಯಾಗಿ ಮುಂದಿನ ಮಾತು ಮರೆತುಹೋಯಿತು.

ರಿಪೇರಿಯವಳು ಗುಂಡಿ ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ. ಇಲ್ಲ. ಮೈಕಕ್ಕನಿಗೆ ಗಂಟಲು ಹೋದಾಗ ಆಗದ ಸಂಕಟ ಈಗ ಆಯಿತು. ಆ ಹುಡುಗಿ ನಗುತ್ತಾ ಹೇಳಿದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು.

"ಹೆದರಬೇಡಿ. ಫ್ಯಾನು ಸುಟ್ಟುಹೋಗಿದೆ, ಅದು ತಿರುಗದೆ ಇದು ಏಳಲ್ಲ. ಓದು ಇರೋದು ಬೇರೆ ಕಡೆ" ಎಂದು ರಿಪೇರಿಯವಳು ಒಳಗಿನಿಂದ ಚೂಯಿಂಗ್ ಗಮ್ ಪಟ್ಟಿಯಷ್ಟಗಲದ ಒಂದು ತುಂಡನ್ನು ಬಿಚ್ಚಿ ತೆಗೆದಳು. ಬೇಸಿಗೆಯಿಡೀ ಓದಿದ್ದು ಇಷ್ಟರಲ್ಲಿ ಇದೆಯೇ? ತನ್ನ ಯಂತ್ರಕ್ಕೆ ಅದನ್ನು ಸಿಕ್ಕಿಸಿ ಕಾದಳು. ಎಲ್ಲರೂ ಕಾದರು. ತಮ್ಮನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಪರದೆಯ ಮೇಲೆ ಒಂದು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಮಳೆ ಹನಿ ಜೋರಾದಂತೆ ಪಟಪಟನೆ ಎಲ್ಲ ಅಧ್ಯಾಯಗಳೂ ಬಂದವು, ಮೊದಲಿನಿಂದ ಕೊನೆಯವರೆಗೆ, ಅವಳು ಇಟ್ಟ ಹೆಸರಿನಲ್ಲೇ, ಅವಳು ಇಟ್ಟ ಸಾಲಿನಲ್ಲೇ. ರಿಪೇರಿಯವಳು ಕೊನೆಯದನ್ನು ಒತ್ತಿದಳು.

ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಮೈಕಕ್ಕನ ದನಿ ತುಂಬಿತು. ಸ್ವಲ್ಪ ಒಡೆದಿತ್ತು, ಆದರೆ ನಿಂತಿತ್ತು. ಮೆಟ್ಟಿಲು ಹತ್ತುತ್ತಿದ್ದ ಯಾರೋ ಅಲ್ಲೇ ನಿಂತು ಕೆಳಗೆ ಬಗ್ಗಿ ನೋಡಿದರು. ದನಿಯಿಲ್ಲದ ಮೈಕಕ್ಕ ತನ್ನ ದನಿಯನ್ನು ಕೇಳುತ್ತಾ ಸ್ಟೂಲಿನ ಮೇಲೆ ಕುಸಿದಳು. ಹೋದ ಜೀವ ಬಂತು ಅನ್ನುತ್ತಾರಲ್ಲ, ಅದು ಬಂದು ಎಲ್ಲಿ ಕೂರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಗಂಟಲಿನಲ್ಲಿ. ಕಣ್ಣೀರು ಒರೆಸಲು ಕೈ ಎತ್ತಿದರೆ ಗಂಡ ಆಗಲೇ ಕರವಸ್ತ್ರ ಹಿಡಿದು ನಿಂತಿದ್ದ.

"ಇಲ್ಲಿಂದಲೇ ಕಳಿಸಿಬಿಡಿ. ಈಗಲೇ" ಎಂದ ಗಂಡ. "ಆಮೇಲೆ ಇನ್ನೊಂದು ಪ್ರತಿ. ಮತ್ತೊಂದು ಪ್ರತಿ."

ಅವರು ಮನೆ ಮುಟ್ಟುವ ಮೊದಲೇ ಹುಡುಗಿಯ ಫೋನು ಬಂತು. "ಬಂತು ಮೇಡಂ! ನೀವು ಮಾತಾಡಬೇಡಿ, ನಾನೇ ಮಾತಾಡ್ತೀನಿ" ಎಂದು ಶುರುಮಾಡಿದವಳು ಕಾರು ಓಣಿಯೊಳಗೆ ತಿರುಗುವವರೆಗೂ ನಿಲ್ಲಿಸಲಿಲ್ಲ.

ಗಂಟಲಿಗೆ ದನಿ ಮರಳುವಷ್ಟರಲ್ಲಿ ಪರೀಕ್ಷೆಯೂ ಮುಗಿಯಿತು. ಹೊಸ ಫ್ಯಾನು ಹಾಕಿಸಿಕೊಂಡು ಗರಿ ಮನೆಗೆ ಮರಳಿತು. ಹುಡುಗಿ, "ಕೇಳಿದ್ದೆಲ್ಲ ಬರೆಸಿದೀನಿ ಮೇಡಂ. ನನಗೆ ಬರೆದುಕೊಡೋಕೆ ಕೂತಿದ್ದವರಿಗೆ ಕೈ ನೋವು ಬಂತಂತೆ" ಎಂದು ತಿಳಿಸಿದಳು. ಆ ಸಂಜೆ ತಮ್ಮ ಊಟಕ್ಕೆ ಬಂದಿದ್ದ. ಕಲಿಕೆಗೆ ಬಂದ ಯಾರೋ ಹೊಸ ಲ್ಯಾಪ್‌ಟಾಪು ಕೊಳ್ಳುತ್ತಾರಂತೆ, ಗರಿ ಮಾತ್ರ ಬೇಡ ಎಂದು ಅವರಿಗೆ ಇಡೀ ಪಾಠದುದ್ದಕ್ಕೂ ಹೇಳಿದನಂತೆ. "ಧೂಳಿನ ಕತೆ ಹೇಳಿದೆ. ನಕ್ಕು ನಕ್ಕು ಗೇರು ಬದಲಿಸೋದೇ ಮರೆತುಬಿಟ್ರು."

ಗಂಡ ತಟ್ಟೆ ನೋಡುತ್ತಾ ಊಟ ಮಾಡುತ್ತಿದ್ದ. ಈಚೆಗೆ ಅವನು ಗರಿಯ ಪರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆ ಮೌನ ಮೈಕಕ್ಕನಿಗೆ ತನ್ನ ಮೌನಕ್ಕಿಂತ ಭಾರವಾಗಿತ್ತು. ಅವಳು ಲೋಟ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡಳು.

"ಪ್ರಯಾಣಿಕರ ಗಮನಕ್ಕೆ."

ತಮ್ಮನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅದು ನಿಲ್ದಾಣದ ದನಿ, ಒಂದು ಎಳೆಯೂ ಕಡಿಮೆಯಾಗದ ದನಿ.

"ಲ್ಯಾಪ್‌ಟಾಪಿಗೆ ಗಿಳಿಹಸಿರು ಹೊದಿಕೆ ಹೊದಿಸಿ ಉಸಿರು ಕಟ್ಟಿಸಿದವರು ಈ ಮನೆಯ ಯಜಮಾನಿ. ಒಳಗೆ ಸಿಕ್ಕಿದ್ದು ಧೂಳಲ್ಲ, ಉಣ್ಣೆ. ಗರಿ ಕಂಪನಿಯದು ಯಾವ ತಪ್ಪೂ ಇಲ್ಲ. ಇದನ್ನು ಅಂಗಡಿಯಲ್ಲೇ ಕಂಡುಹಿಡಿದು ಜೇಬಿನಲ್ಲಿಟ್ಟುಕೊಂಡ ಭಾವನವರಿಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ."

ಗಂಡನ ಕಿವಿ ಕೆಂಪಾಗಿತ್ತು. ತಮ್ಮ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ, ತುತ್ತು ನುಂಗಿದ.

"ಆದ್ರೂ ಭಾವ," ಎಂದ, "ಒಳ್ಳೆ ಕಂಪನಿ ಆಗಿದ್ರೆ ಒಂದು ಹೊದಿಕೆ ತಡ್ಕೋಬೇಕಿತ್ತು."

ಗಂಡ ನಗಲು ಶುರುಮಾಡಿದವನು ಕೆಮ್ಮು ಬಂದು ನೀರು ಕುಡಿಯಬೇಕಾಯಿತು. ಆಮೇಲೆ ಇಬ್ಬರೂ ಹಳೆಯ ಜಗಳವನ್ನು ಮೊದಲಿನಿಂದ, ಕಾಫಿ ಚೆಲ್ಲಿದಲ್ಲಿಂದ, ಹೊಸದೆಂಬಂತೆ ಎತ್ತಿಕೊಂಡರು. ಮೈಕಕ್ಕ ತಟ್ಟೆ ತೊಳೆದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗಿಯ ಮುಂದಿನ ವರ್ಷದ ಪುಸ್ತಕ ಮಣೆಯ ಮೇಲಿತ್ತು. ಅವಳು ಗುಂಡಿ ಒತ್ತಿದಳು, ಗರಿ ಎಚ್ಚರಾಯಿತು. ಫ್ಯಾನು ಮೆಲ್ಲಗೆ ಉಸಿರಾಡತೊಡಗಿತು. ಬೀರುವಿನ ಕಡೆ ಒಮ್ಮೆ ನೋಡಿದಳು, ಎದ್ದು ಹೋಗಲಿಲ್ಲ. ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮೊದಲ ಪುಟ ತೆರೆದಳು.